ಎದೆ ಒತ್ತುವ ಪಾಠ ಊರಿಗೇ ಬಂತು

ನಾನು ಸೋಸಲೆಯ ಸಣ್ಣ ಹಿಡುವಳಿದಾರ. ಎರಡೂವರೆ ಎಕರೆ. ಒಂದಿಷ್ಟು ಭತ್ತ, ಒಂದಿಷ್ಟು ಕಬ್ಬು, ಬದುವಿನ ಮೇಲೆ ತೆಂಗು, ಕೊಟ್ಟಿಗೆಯಲ್ಲಿ ಎರಡು ಹಸು. ವೈದ್ಯಕೀಯದ ವಿಷಯ ಬರೆಯುವಷ್ಟು ಓದಿದವನಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಸಿ.ಪಿ.ಆರ್. ಎಂಬ ವಿದ್ಯೆಯನ್ನು ಕಲಿಸುವವರು ಎಲ್ಲಿದ್ದಾರೆ ಎಂದು ಹುಡುಕುತ್ತಾ ಹತ್ತು ತಿಂಗಳು ಅಲೆದಿದ್ದೇನೆ. ಈ ಅಲೆದಾಟ ನಿಮಗೆ ತಪ್ಪಲಿ ಎಂಬುದಷ್ಟೇ ಉದ್ದೇಶ.

2024ರ ಮಾರ್ಚ್ ತಿಂಗಳು. ಆಗ ನಮಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಬೆಳಗಿನ ಜಾವ ಪಕ್ಕದ ಜಮೀನಿನ ಹುಡುಗ ಒದ್ದೆ ಕೈಯಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಿದ. ನನ್ನನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದವನು. ವಯಸ್ಸು ಇಪ್ಪತ್ತಾರು. ಕೂಗು ಕೇಳಿ ಓಡಿದೆವು. ಫ್ಯೂಸು ಕಿತ್ತೆವು, ಒಣ ಬಿದಿರಿನಿಂದ ಕೈ ಬಿಡಿಸಿದೆವು. ಅಷ್ಟರವರೆಗೆ ನಾವು ಮಾಡಿದ್ದು ಸರಿಯಾಗಿತ್ತು.

ಆಮೇಲೆ? ಒಬ್ಬ ಮುಖಕ್ಕೆ ನೀರು ಚಿಮುಕಿಸಿದ. ಒಬ್ಬ ಅಂಗಾಲು ತಿಕ್ಕಿದ. ಇನ್ನೊಬ್ಬ ಈರುಳ್ಳಿ ತರಲು ಓಡಿದ. ಹುಡುಗ ಆಗೊಮ್ಮೆ ಈಗೊಮ್ಮೆ ಗೊರಕೆಯ ಹಾಗೆ ಒಂದೊಂದು ಉಸಿರು ಎಳೆಯುತ್ತಿದ್ದ. 'ಉಸ್ರಾಡ್ತಾ ಅವ್ನೆ, ಏನಾಗಲ್ಲ, ಗಾಡಿ ತರ್‍ರಪ್ಪ' ಎಂದು ನಾನೇ ಹೇಳಿದೆ. ಗೂಡ್ಸ್ ಆಟೋ ಬಂತು. ಆಸ್ಪತ್ರೆ ಮುಟ್ಟುವಾಗ ಅರ್ಧ ಗಂಟೆಯ ಹತ್ತಿರ. ಡಾಕ್ಟರು ಪರೀಕ್ಷೆ ಮಾಡಿ ತಲೆ ಅಲ್ಲಾಡಿಸಿದರು. ಆಮೇಲೆ ಒಂದೇ ಮಾತು ಕೇಳಿದರು: 'ಬಿದ್ದ ತಕ್ಷಣ ಯಾರಾದ್ರೂ ಎದೆ ಒತ್ತಿದ್ರಾ?'

ಅಲ್ಲಿದ್ದವರು ಏಳು ಜನ. ಒಬ್ಬರಿಗೂ ಗೊತ್ತಿರಲಿಲ್ಲ. ಒತ್ತಿದ್ದರೆ ಉಳಿಯುತ್ತಿದ್ದನೇ ಎಂದು ಆಮೇಲೆ ಕೇಳಿದ್ದಕ್ಕೆ 'ಹೇಳೋಕಾಗಲ್ಲ. ಆದ್ರೆ ಒಂದು ಅವಕಾಶ ಇರ್ತಿತ್ತು' ಎಂದರು. ಆ ಮಾತು ನನ್ನನ್ನು ಬಿಡಲಿಲ್ಲ.

ಏನಿದು ಸಿ.ಪಿ.ಆರ್.?

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎದೆಯ ನಡುವೆ ಒತ್ತಿ ಒತ್ತಿ ನಿಂತ ಹೃದಯದ ಕೆಲಸವನ್ನು ಕೈಯಿಂದ ಮಾಡುವುದು. ಗೊತ್ತಿದ್ದವರು ಬಾಯಿಂದ ಉಸಿರನ್ನೂ ಕೊಡುತ್ತಾರೆ. ಮೋಟರು ನಿಂತಾಗ ಕೈಪಂಪು ಹೊಡೆದು ನೀರು ಎತ್ತುತ್ತೇವಲ್ಲ, ಹಾಗೆ. ಕೈಪಂಪು ಹೊಡೆದರೆ ಕೆಟ್ಟ ಮೋಟರು ರಿಪೇರಿಯಾಗುವುದಿಲ್ಲ. ಆದರೆ ರಿಪೇರಿಯವನು ಬರುವವರೆಗೆ ಪೈರು ಒಣಗುವುದಿಲ್ಲ. ಇಲ್ಲಿ ಪೈರು ಎಂದರೆ ಮೆದುಳು. ರಕ್ತ ಹೋಗದಿದ್ದರೆ ನಾಲ್ಕಾರು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಶುರುವಾಗುತ್ತದೆ. ಹಳ್ಳಿಯ ಗದ್ದೆ ಬಯಲಿಗೆ ನಾಲ್ಕು ನಿಮಿಷದಲ್ಲಿ ಯಾವ ಆಂಬುಲೆನ್ಸೂ ಬರಲಾರದು. ನಮ್ಮ ರಾಜ್ಯದಲ್ಲಿ 108ರ ಸೇವೆ 2008ರ ನವೆಂಬರಿನಿಂದ ಇದೆ, ಎಷ್ಟೋ ಜೀವ ಉಳಿಸಿದೆ. ಆದರೆ ಅದು ಬರುವ ತನಕದ ಹೊತ್ತು ನಮ್ಮದು. ಪಕ್ಕದಲ್ಲಿ ನಿಂತವನು ಕೈ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹೃದಯಾಘಾತ, ಹೃದಯ ಸ್ತಂಭನ ಎರಡೂ ಒಂದೇ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಎದೆನೋವು, ಬೆವರು ಬರುತ್ತದೆ, ಆದರೆ ಮನುಷ್ಯ ಸಾಮಾನ್ಯವಾಗಿ ಮಾತಾಡುತ್ತಿರುತ್ತಾನೆ. ಅವನ ಎದೆ ಒತ್ತಬಾರದು, ತಕ್ಷಣ ಆಸ್ಪತ್ರೆಗೆ ಸೇರಿಸಬೇಕು. ಸ್ತಂಭನ ಎಂದರೆ ಹೃದಯ ರಕ್ತ ತಳ್ಳುವುದೇ ನಿಂತುಹೋಗುವುದು. ಮನುಷ್ಯ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ. ಆಗ ಒತ್ತಬೇಕು. ಹೃದಯಾಘಾತವೇ ಬೆಳೆದು ಸ್ತಂಭನ ಆಗುವುದೂ ಉಂಟು. ಕರೆಂಟು ಹೊಡೆತ, ನೀರಿನಲ್ಲಿ ಮುಳುಗುವುದು, ಸಿಡಿಲು, ವಿಷ ಇವುಗಳಿಂದಲೂ ಆಗುತ್ತದೆ.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ತೀರಿಕೊಂಡಾಗ ಜನ ಎದೆ ತೋರಿಸಲು ಆಸ್ಪತ್ರೆಗಳಿಗೆ ಮುಗಿಬಿದ್ದರು. 2025ರ ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಹರಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು. ತಮ್ಮ ಹೃದಯ ಸರಿ ಇದೆಯೇ ಎಂದು ನೋಡಿಸಿಕೊಳ್ಳಲು ಅಷ್ಟು ಜನ. ತಪ್ಪೇನಿಲ್ಲ. ಆದರೆ ಪಕ್ಕದವನ ಹೃದಯ ನಿಂತರೆ ಏನು ಮಾಡಬೇಕು ಎಂದು ಕಲಿಯಲು ಸಾಲು ನಿಂತದ್ದನ್ನು ನಾನು ನೋಡಿಲ್ಲ.

ಕರೆಂಟಿನಿಂದಲೇ ಹುಟ್ಟಿದ ವಿದ್ಯೆ

ಈ ವಿದ್ಯೆಯ ಮೂಲ ತಿಳಿದಾಗ ನನಗೆ ಆಶ್ಚರ್ಯವಾಯಿತು. ಅಮೆರಿಕದಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳು ಶಾಕ್ ಹೊಡೆದು ಸಾಯುತ್ತಿದ್ದರು. ಇದಕ್ಕೆ ಪರಿಹಾರ ಬೇಕೆಂದು ಅಲ್ಲಿನ ವಿದ್ಯುತ್ ಕಂಪನಿಗಳು ಸಂಶೋಧನೆಗೆ ದುಡ್ಡು ಕೊಟ್ಟವು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆ ಕೆಲಸ ಹಿಡಿದ ಕೋವೆನ್‌ಹೋವೆನ್ ಡಾಕ್ಟರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರು. ಅವರ ಜೊತೆ ನಿಕರ್‌ಬಾಕರ್ ಎಂಬ ತರುಣನಿದ್ದ. ನಾಯಿಗಳ ಮೇಲೆ ಪ್ರಯೋಗ ನಡೆಯುತ್ತಿದ್ದಾಗ, ಶಾಕ್ ಕೊಡುವ ಉಪಕರಣವನ್ನು ಎದೆಗೆ ಒತ್ತಿ ಹಿಡಿದರೆ ಆ ಒತ್ತಡಕ್ಕೇ ರಕ್ತದೊತ್ತಡ ಏರುವುದನ್ನು ಆತ ಗಮನಿಸಿದ. ಅಲ್ಲಿಂದ ಎಳೆ ಹಿಡಿದು, ಜೂಡ್ ಎಂಬ ಶಸ್ತ್ರವೈದ್ಯರನ್ನೂ ಸೇರಿಸಿಕೊಂಡು, 1960ರಲ್ಲಿ ಮೂವರೂ ಫಲಿತಾಂಶ ಪ್ರಕಟಿಸಿದರು. ಎದೆ ಕೊಯ್ಯಬೇಕಿಲ್ಲ, ಎರಡು ಕೈ ಇದ್ದರೆ ಎಲ್ಲಿ ಬೇಕಾದರೂ ಯಾರು ಬೇಕಾದರೂ ಮಾಡಬಹುದು ಎಂಬುದು ಅವರು ಕಂಡುಕೊಂಡ ಸಾರ.

'ಯಾರು ಬೇಕಾದರೂ' ಎಂಬ ಮಾತನ್ನು ಸಿಯಾಟಲ್ ನಗರದವರು ನಿಜ ಮಾಡಿದರು. 1972ರಿಂದ ಅಲ್ಲಿ ಅಗ್ನಿಶಾಮಕ ದಳದವರೂ ವೈದ್ಯರೂ ಸೇರಿ ಸಾಮಾನ್ಯ ಜನರಿಗೆ ಇದನ್ನು ಕಲಿಸತೊಡಗಿದರು. ಅಂದರೆ ಇದು ಆಸ್ಪತ್ರೆಯ ಗೋಡೆ ದಾಟಿ ಅರ್ಧ ಶತಮಾನ ಕಳೆದಿದೆ. ನಮ್ಮ ಗದ್ದೆಗೆ ಬರುವುದಷ್ಟೇ ಬಾಕಿ.

ಹುಡುಕಾಟದಲ್ಲಿ ತಟ್ಟಿದ ಬಾಗಿಲುಗಳು

ಮೊದಲು ಹೋದದ್ದು ಒಂದು ಆರೋಗ್ಯ ಕೇಂದ್ರಕ್ಕೆ. 'ಅದು ನರ್ಸ್‌ಗಳಿಗೆ ಕೊಡೋ ಟ್ರೇನಿಂಗ್ ಕಣಣ್ಣ, ನಿಮಗ್ಯಾಕೆ?' ಎಂದರು. ಅವರ ತಪ್ಪೆಂದು ಹೇಳಲಾರೆ. ಬೇಸಾಯಗಾರನೊಬ್ಬ ಬಂದು ಹೀಗೆ ಕೇಳಿದ್ದು ಅವರಿಗೂ ಹೊಸದು.

ಆಮೇಲೆ ಮೈಸೂರು. ಒಂದು ಸಂಸ್ಥೆಯಲ್ಲಿ ತರಬೇತಿ ಇತ್ತು. ಶುಲ್ಕ ಕೆಲವು ಸಾವಿರ. ಮೇಲಾಗಿ 'ನೀವು ಡಾಕ್ಟರೋ, ನರ್ಸೋ? ಐಡಿ ಕಾರ್ಡ್ ತನ್ನಿ' ಎಂದರು. ಒಂದು ದಿನದ ಕೂಲಿ, ಬಸ್ ಚಾರ್ಜು ಎಲ್ಲ ದಂಡ. ನಾನು ಕೇಳಬೇಕಾದ ಹೆಸರೇ ಬೇರೆ ಎಂಬುದು ಆಗ ಗೊತ್ತಿರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ದಾರಿ ಸಿಕ್ಕಿದ್ದು ನೆಂಟರ ಮನೆಯಲ್ಲಿ. ನನ್ನ ಭಾಮೈದ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದವನು ಮಾತಿನ ನಡುವೆ 'ನಂಗೆ ಬರುತ್ತಲ್ಲ ಭಾವ ಅದು!' ಎಂದ. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಪ್ರಕಾರ 150 ಕಾರ್ಮಿಕರಿಗೊಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಡಬೇಕಿತ್ತು. ಅದನ್ನು ನೋಡಿಕೊಳ್ಳುವವನ ಬಳಿ ಪ್ರಥಮ ಚಿಕಿತ್ಸೆ ಕಲಿತ ಸರ್ಟಿಫಿಕೇಟು ಇರಬೇಕಿತ್ತು. ಹಾಗಾಗಿ ಅವರ ಕಂಪನಿಯವರೇ ತರಬೇತುದಾರರನ್ನು ಕರೆಸಿ ಕಲಿಸಿದ್ದರು. ಬಸ್ ಕಂಡಕ್ಟರ್ ಲೈಸೆನ್ಸ್ ಪಡೆಯಲೂ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು ಬೇಕು ಎಂದು ಪಕ್ಕದ ಬೀದಿಯ ಕಂಡಕ್ಟರು ಹೇಳಿದರು.

ನನಗೆ ಯೋಚನೆ ಹತ್ತಿತು. ಕಾರ್ಖಾನೆಯಲ್ಲಿ ಮೆಷೀನಿದೆ ಎಂದು ಕಾಯ್ದೆ ಮಾಡಿ ಕಲಿಸುತ್ತಾರೆ. ನಮ್ಮ ಹೊಲದಲ್ಲಿ ಮೋಟರಿದೆ, ಟ್ರ್ಯಾಕ್ಟರಿದೆ, ವಿಷದ ಡಬ್ಬಿಯಿದೆ, ಹಾವಿದೆ, ಪಕ್ಕದಲ್ಲಿ ಕಾವೇರಿ ಹರಿಯುತ್ತಾಳೆ. ಆದರೆ ರೈತನಿಗೆ ಕಲಿಸಬೇಕೆಂದು ಯಾರ ಮೇಲೂ ಕಟ್ಟುಪಾಡಿಲ್ಲ. ನಾವೇ ಕೇಳಬೇಕು.

ಭಾಮೈದ ಕೊಟ್ಟ ಎಳೆ ಹಿಡಿದು ವಿಚಾರಿಸುತ್ತಾ ಮೈಸೂರಿನ ಒಬ್ಬ ಅರಿವಳಿಕೆ ವೈದ್ಯರನ್ನು ಕಂಡೆ. ಆಪರೇಷನ್ ವೇಳೆ ಮತ್ತು ಬರಿಸುವವರೇ ಅರಿವಳಿಕೆ ವೈದ್ಯರು. ಉಸಿರು, ಹೃದಯಬಡಿತ ಕಾಯುವುದೇ ಅವರ ದಿನನಿತ್ಯದ ಕೆಲಸ. ನನ್ನ ಮಾತೆಲ್ಲ ಕೇಳಿ ಅವರು ಒಂದು ಪ್ರಶ್ನೆ ಹಾಕಿದರು: 'ಎಷ್ಟು ಜನ ಇದ್ದೀರಿ?'

'ನಾನೊಬ್ಬನೇ ಸಾರ್.'

'ಒಬ್ಬರಿಗೆ ಕ್ಲಾಸು ಮಾಡೋದು ಕಷ್ಟ. ಇಪ್ಪತ್ತೈದು ಮೂವತ್ತು ಜನ ಸೇರಿಸಿ, ಒಂದು ಹಾಲ್ ನೋಡಿ. ಬೊಂಬೆ ತಗೊಂಡು ನಾವೇ ಬರ್ತೀವಿ.'

ಹತ್ತು ತಿಂಗಳ ಅಲೆದಾಟದಲ್ಲಿ ನಾನು ಕಲಿತದ್ದು ಇದೇ. ಒಬ್ಬ ಹೋಗಿ ಕೇಳಿದರೆ ಬಾಗಿಲು ಮುಚ್ಚಿದ ಹಾಗೆ ಕಾಣುತ್ತದೆ. ಊರು ಕೇಳಿದರೆ ಪಾಠವೇ ಊರಿಗೆ ಬರುತ್ತದೆ. ಹಾಲು ಡೇರಿಯನ್ನು ನಾವು ತಂದದ್ದೂ ಹೀಗೇ ಅಲ್ಲವೇ? ಒಬ್ಬನ ಎರಡು ಲೀಟರಿಗೆ ಲಾರಿ ಬರುವುದಿಲ್ಲ.

ಯಾವ ಹೆಸರಿನಿಂದ ಕೇಳಬೇಕು?

ಹೆಸರು ತಿಳಿಯದೆ ನಾನು ಒಂದು ದಿನ ಕಳೆದುಕೊಂಡೆ. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತೇನೆ.

ಬಿ.ಎಲ್.ಎಸ್. ಎಂಬುದು ಮುಖ್ಯವಾಗಿ ಆಸ್ಪತ್ರೆ ಸಿಬ್ಬಂದಿಗೆ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಇರುವ ಕೋರ್ಸು. ನಮಗೆ ಅದು ಬೇಕಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಕೋರ್ಸು ನಡೆಸುವ ಕೇಂದ್ರವಾದರೆ 'ಹಾರ್ಟ್‌ಸೇವರ್' ಎಂದು ಕೇಳಬೇಕು. ಅದು ಜನಸಾಮಾನ್ಯರದು, ಆದರೆ ಶುಲ್ಕ ಇರುತ್ತದೆ.

ನಮ್ಮ ದೇಶದ ಅರಿವಳಿಕೆ ವೈದ್ಯರ ಸಂಘದವರು ಭಾರತಕ್ಕೆ ಹೊಂದುವಂತೆ 2017ರಲ್ಲಿ ಒಂದು ಕ್ರಮ ಪ್ರಕಟಿಸಿದರು. ಹೆಸರು ಸಿ.ಒ.ಎಲ್.ಎಸ್., ಬಾಯಿಮಾತಿನಲ್ಲಿ 'ಕೋಲ್ಸ್'. ಬಾಯಿಂದ ಉಸಿರು ಕೊಡುವುದನ್ನು ಬಿಟ್ಟು, ಬರೀ ಎದೆ ಒತ್ತುವ ಸರಳ ಪಾಠ. ಗುರುತಿಸುವುದು, ಆಂಬುಲೆನ್ಸಿಗೆ ಫೋನು, ಒತ್ತುವುದು, ಬೇಗ ಆಸ್ಪತ್ರೆಗೆ ಸಾಗಿಸುವುದು ಇಷ್ಟೇ. ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಫೆಡರೇಶನ್ ಎಂಬ ಸಂಸ್ಥೆ ಇದನ್ನು ಹರಡುತ್ತಿದೆ. ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗದಲ್ಲಿ 'ಕೋಲ್ಸ್ ಕ್ಲಾಸು ಬೇಕು' ಎಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಅಕ್ಟೋಬರ್ 16 ವಿಶ್ವ ಅರಿವಳಿಕೆ ದಿನ. ಆ ಸುಮಾರಿಗೆ ಕೇಳಿದರೆ ಒಪ್ಪಿಗೆ ಇನ್ನೂ ಸುಲಭ.

ಇನ್ನೆರಡು ಬಾಗಿಲು ಇಂಡಿಯನ್ ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್. ಇವರದು ಪ್ರಥಮ ಚಿಕಿತ್ಸೆಯ ಪಾಠ. ಗಾಯ, ಸುಟ್ಟದ್ದು, ಮೂಳೆ ಮುರಿತ, ಹಾವು ಕಡಿತ ಎಲ್ಲದರ ಜೊತೆಗೆ ಸಿ.ಪಿ.ಆರ್. ಕೂಡ ಬರುತ್ತದೆ. ಸಮಯ ಹೆಚ್ಚು ಬೇಕು, ಪ್ರಯೋಜನವೂ ಹೆಚ್ಚು.

ಯಾರನ್ನೇ ಕೇಳಿದರೂ ಈ ನಾಲ್ಕು ಪ್ರಶ್ನೆ ಹಾಕಿ: ಬೊಂಬೆಯ ಮೇಲೆ ಪ್ರತಿಯೊಬ್ಬರಿಗೂ ಒತ್ತಿಸುತ್ತೀರಾ? ಕನ್ನಡದಲ್ಲಿ ಹೇಳುತ್ತೀರಾ? ಎಷ್ಟು ಬೊಂಬೆ ತರುತ್ತೀರಿ? ಖರ್ಚು ಏನು? ಮೊದಲನೆಯದಕ್ಕೆ 'ಇಲ್ಲ' ಎಂದರೆ ಬಿಟ್ಟುಬಿಡಿ. ಭಾಷಣ ಕೇಳಿ ಈಜು ಬರುವುದಿಲ್ಲ, ಇದೂ ಹಾಗೆಯೇ.

ಡೇರಿ ಕಟ್ಟಡದಲ್ಲಿ ಪಾಠ

ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ, 2025ರ ಜನವರಿ ಕೊನೆಯ ಭಾನುವಾರ ಇಟ್ಟುಕೊಂಡೆವು. ಜನ ಸೇರಿಸುವುದು ಸುಲಭವಿರಲಿಲ್ಲ. 'ಸಾವಿನ ಮಾತು ಯಾಕೆ ಈಗ' ಎಂದವರಿದ್ದರು. ಫೆಬ್ರವರಿಯಲ್ಲಿ ತಿರುಮಕೂಡಲಿನ ಕುಂಭಮೇಳ ಇತ್ತು. 'ಹೊಳೆಗೆ ಅಷ್ಟು ಜನ ಇಳೀತಾರೆ, ನಾಲ್ಕು ಜನಕ್ಕಾದ್ರೂ ಗೊತ್ತಿರ್‍ಲಿ' ಎಂದಾಗ ಹುಡುಗರು ಒಪ್ಪಿದರು. ಒಟ್ಟು ಮೂವತ್ತೆರಡು ಜನ ಬಂದರು. ಹನ್ನೊಂದು ಹೆಣ್ಣುಮಕ್ಕಳು. ಡೇರಿ ಕಾರ್ಯದರ್ಶಿ, ಇಬ್ಬರು ಆಟೋದವರು, ಒಬ್ಬ ಲೈನ್‌ಮನ್, ಆಶಾ ಕಾರ್ಯಕರ್ತೆ, ಹೊಳೆಯಲ್ಲಿ ಈಜುವ ಐದಾರು ಹುಡುಗರು.

ಡಾಕ್ಟರು ನಾಲ್ಕು ಬೊಂಬೆ ತಂದಿದ್ದರು. ಸೊಂಟದ ಮೇಲಿನ ಭಾಗ ಮಾತ್ರ. ಇಂಥ ಬೊಂಬೆಯನ್ನು 1960ರಲ್ಲಿ ಮೊದಲು ಮಾಡಿದವರು ನಾರ್ವೆಯ ಲಾರ್ಡಾಲ್ ಎಂಬ ಆಟಿಕೆ ತಯಾರಕರಂತೆ. ಮಕ್ಕಳ ಗೊಂಬೆ ಮಾಡುವವನ ಕೈಯಿಂದ ಜೀವ ಉಳಿಸುವ ಗೊಂಬೆ ಬಂತು ಎಂದಾಗ ಹೆಂಗಸರು ಮುಂದಕ್ಕೆ ಸರಿದು ಕೂತರು.

ಅಲ್ಲಿ ಕಲಿತ ಕ್ರಮ ಹೀಗಿದೆ:

1. ಮೊದಲು ಜಾಗ ನೋಡಿ. ಕರೆಂಟು, ನೀರು, ವಾಹನದ ಅಪಾಯ ನಿಮಗೂ ಇದೆಯೇ? ನೀವು ಬಿದ್ದರೆ ಇಬ್ಬರಾಗುತ್ತೀರಿ.

2. ಭುಜ ತಟ್ಟಿ ಜೋರಾಗಿ ಕೂಗಿ. ಓಗೊಡದಿದ್ದರೆ ಎದೆ ಏರಿಳಿಯುತ್ತಿದೆಯೇ ನೋಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಗೊರಕೆಯ ಹಾಗೆ ಬಿಟ್ಟು ಬಿಟ್ಟು ಬರುವ ಉಸಿರು ಉಸಿರಾಟವಲ್ಲ. ಅದು ಹೃದಯ ನಿಂತದ್ದರ ಗುರುತು.

3. ಒಬ್ಬರನ್ನು ಬೊಟ್ಟು ಮಾಡಿ 'ನೀನು 108ಕ್ಕೆ ಫೋನ್ ಮಾಡು' ಎನ್ನಿ. 112 ಕೂಡ ಆಗುತ್ತದೆ. 'ಯಾರಾದ್ರೂ ಮಾಡ್ರಪ್ಪಾ' ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರೇ ಇದ್ದರೆ ಫೋನಿನ ಸ್ಪೀಕರ್ ಹಾಕಿ ನೆಲದ ಮೇಲಿಟ್ಟು ಮಾತಾಡುತ್ತಲೇ ಶುರು ಮಾಡಿ.

4. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮಂಚ, ಕೆಸರು ಬೇಡ. ಎದೆಯ ನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸಬೇಡಿ. ತೋಳಿನ ಬಲವಲ್ಲ, ಮೈಭಾರ ಬಿಡಬೇಕು.

5. ದೊಡ್ಡವರಿಗೆ ಕನಿಷ್ಠ 5 ಸೆಂಟಿಮೀಟರ್, ಅಂದರೆ ಎರಡು ಅಂಗುಲದಷ್ಟು ಆಳ ಒತ್ತಬೇಕು. 6 ಸೆಂಟಿಮೀಟರ್ ದಾಟುವುದು ಬೇಡ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ 100ರಿಂದ 120 ಸಲ.

6. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಿ. ನಡುವೆ ನಿಲ್ಲಿಸಬೇಡಿ. ಮನುಷ್ಯ ಮಿಸುಕಾಡಿ ಉಸಿರಾಡುವವರೆಗೆ, ಇಲ್ಲವೇ ಆಂಬುಲೆನ್ಸಿನವರು ಬಂದು ವಹಿಸಿಕೊಳ್ಳುವವರೆಗೆ ಒತ್ತುತ್ತಿರಿ.

ಎರಡನೇ ಅಂಶ ಕೇಳಿದಾಗ ನಾನು ತಲೆ ತಗ್ಗಿಸಿದೆ. 'ಉಸ್ರಾಡ್ತಾ ಅವ್ನೆ' ಎಂದು ಹೇಳಿದವನು ನಾನೇ ಅಲ್ಲವೇ?

ಓದಲು ಸುಲಭ. ಬೊಂಬೆಯ ಮೇಲೆ ಕೈಯಿಟ್ಟಾಗ ಗೊತ್ತಾಯಿತು. ಸರಿಯಾದ ಆಳಕ್ಕೆ ಹೋದರೆ ಬೊಂಬೆ 'ಟಿಕ್' ಎನ್ನುತ್ತದೆ. ನನ್ನ ಮೊದಲ ಹತ್ತು ಒತ್ತಿನಲ್ಲಿ ಒಂದೂ ಟಿಕ್ ಎನ್ನಲಿಲ್ಲ. ಮೂಟೆ ಹೊರುವ ಮೈ ನಮ್ಮದು, ಆದರೂ ಮನುಷ್ಯನ ಎದೆ ಎಂಬ ಅಳುಕಿಗೆ ಕೈ ಮೆತ್ತಗಾಗುತ್ತದೆ. ಒಂದು ನಿಮಿಷಕ್ಕೇ ಬೆವರು ಕಿತ್ತುಬಂತು. ರಾಗಿ ಬೀಸಿ, ಹಿಟ್ಟು ನಾದಿ ಅಭ್ಯಾಸವಿರುವ ಹೆಂಗಸರು ಲಯ ಬೇಗ ಹಿಡಿದರು.

ಒಬ್ಬ ಅಜ್ಜಿ ಕೇಳಿದರು: 'ಪಕ್ಕೆಮೂಳೆ ಮುರಿದ್ರೆ ಏನಪ್ಪಾ ಗತಿ?' ಡಾಕ್ಟರು ಹೇಳಿದರು: 'ಮುರೀಬೋದು ಅಮ್ಮ. ಮೂಳೆ ಕೂಡ್ಕೊಳ್ಳುತ್ತೆ. ಜೀವ ಹೋದ್ರೆ ಕೂಡ್ಕೊಳಲ್ಲ.' ಆಮೇಲೆ ಯಾರ ಕೈಯೂ ಅಳುಕಲಿಲ್ಲ.

ನಮ್ಮ ಹೊಲಕ್ಕೆ ಬೇಕಾದ ಮಾತುಗಳು

ಪೇಟೆಯ ಪಾಠದಲ್ಲಿ ಇಲ್ಲದ್ದನ್ನು ನಾವೇ ಕೇಳಿ ತಿಳಿದುಕೊಂಡೆವು.

ಕರೆಂಟು: ಮೊದಲು ಮೇನ್ ಆಫ್, ಇಲ್ಲವೇ ಫ್ಯೂಸು. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. ಇದು ಮನೆ, ಪಂಪ್‌ಸೆಟ್ಟಿನ ಕರೆಂಟಿಗೆ ಮಾತ್ರ. ತುಂಡಾಗಿ ಬಿದ್ದ ಮೇಲಿನ ಲೈನಿನ ಹತ್ತಿರ ಹೋಗಲೇಬೇಡಿ. 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಿದ ಮೇಲೆಯೇ ಕೈ ಹಾಕಿ.

ಸಿಡಿಲು: ಸಿಡಿಲು ಬಡಿದವನ ಮೈಯಲ್ಲಿ ಕರೆಂಟು ಉಳಿಯುವುದಿಲ್ಲ. ಮುಟ್ಟಬಹುದು. ಹಲವರಿಗೆ ಬಡಿದಿದ್ದರೆ ಕಿರುಚುವವನನ್ನಲ್ಲ, ಸುಮ್ಮನೆ ಬಿದ್ದವನನ್ನು ಮೊದಲು ನೋಡಿ. ಅವನಿಗೇ ಒತ್ತುವುದರಿಂದ ಹೆಚ್ಚು ಲಾಭ.

ಮುಳುಗಿದ್ದು: ಹೊಟ್ಟೆ ಒತ್ತುವುದು, ತಲೆಕೆಳಗು ಮಾಡಿ ತಿರುಗಿಸುವುದು ನಮ್ಮಲ್ಲಿ ವಾಡಿಕೆ. ಮಾಡಬೇಡಿ. ಹೊಟ್ಟೆಯ ನೀರು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೊತ್ತೂ ಹಾಳು. ಮುಳುಗಿದವನಿಗೆ ಗಾಳಿಯೇ ಇಲ್ಲದೆ ಹೃದಯ ನಿಂತಿರುತ್ತದೆ. ಆದ್ದರಿಂದ ಇಲ್ಲಿ ಬರೀ ಒತ್ತುವುದು ಸಾಲದು, ಉಸಿರೂ ಬೇಕು. ಮೊದಲು ಉಸಿರು ಊದಿ, ಆಮೇಲೆ 30 ಒತ್ತು, 2 ಉಸಿರು ಎಂಬ ಲೆಕ್ಕ. ಊದುವುದು ಬಾರದಿದ್ದರೆ ಒತ್ತುವುದನ್ನಾದರೂ ಮಾಡಿ. ನಮ್ಮದು ಹೊಳೆ ಪಕ್ಕದ ಊರು. ಹಾಗಾಗಿ ಉಸಿರು ಕೊಡುವುದನ್ನೂ ಹೇಳಿಕೊಡಿ ಎಂದು ಕೇಳಿ ಕಲಿತೆವು. ನಾಲೆ, ಕೆರೆ, ಕೃಷಿಹೊಂಡ ಇರುವ ಊರಿನವರೂ ಹೀಗೇ ಕೇಳಿ.

ಹಾವು: ನಾಗರಹಾವು, ಕಟ್ಟುಹಾವಿನ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಕಚ್ಚಿದವರನ್ನು ಓಡಾಡಿಸದೆ, ಮಂತ್ರ ಬೇರುಗಳಲ್ಲಿ ಹೊತ್ತು ಕಳೆಯದೆ, ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಿಯಲ್ಲಿ ಉಸಿರು ನಿಂತರೆ ಸತ್ತನೆಂದು ಬಿಡಬೇಡಿ. ಉಸಿರು ಕೊಟ್ಟು, ಎದೆ ಒತ್ತುತ್ತಾ ಸಾಗಿ. ಇಂಥವರು ಚಿಕಿತ್ಸೆಯಿಂದ ಪೂರ್ತಿ ಚೇತರಿಸಿಕೊಳ್ಳುವುದುಂಟು.

ಕೀಟನಾಶಕ: ಬಾಯಿಗೆ ಬಾಯಿ ಇಟ್ಟು ಊದಬೇಡಿ, ವಿಷ ನಿಮಗೂ ತಗಲುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಹಾಕಿಕೊಂಡು ವಿಷ ಬಿದ್ದ ಬಟ್ಟೆ ತೆಗೆಯಿರಿ, ಎದೆ ಮಾತ್ರ ಒತ್ತಿ. ಡಬ್ಬಿ ಜೊತೆಗೇ ತೆಗೆದುಕೊಂಡು ಹೋಗಿ. ಯಾವ ವಿಷ ಎಂದು ಡಾಕ್ಟರಿಗೆ ತಿಳಿಯಬೇಕು.

ಮರದಿಂದ ಬಿದ್ದದ್ದು: ಕತ್ತು, ಬೆನ್ನು ಮುರಿದಿರಬಹುದು. ಎಳೆದಾಡಬೇಡಿ. ಆದರೆ ಉಸಿರೇ ಇಲ್ಲದಿದ್ದರೆ ಒತ್ತುವುದು ಮೊದಲು.

ಪೊಲೀಸ್ ಕೇಸಿನ ಭಯ

ಆಟೋದವರು ಕೇಳಿದ ಮೊದಲ ಪ್ರಶ್ನೆ ಇದೇ. ನೆರವಿಗೆ ಬಂದವರನ್ನು ಕಾಪಾಡುವ ಕಾಯ್ದೆಯನ್ನು ಪ್ರತ್ಯೇಕವಾಗಿ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2016ರ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು. ಮೋಟಾರು ವಾಹನ ಕಾಯ್ದೆಗೂ 2019ರಲ್ಲಿ 134ಎ ಕಲಂ ಸೇರಿಸಿದ್ದಾರೆ. ರಸ್ತೆ ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ, ಗಾಯಾಳುವಿಗೆ ಏನೇ ಆದರೂ, ಕೇಸು ಹಾಕುವಂತಿಲ್ಲ. ಅಂಜಿಕೊಂಡು ಕೈಕಟ್ಟಿ ನಿಲ್ಲುವ ಕಾರಣವಿಲ್ಲ.

ನಿಮ್ಮ ಊರಿಗೆ ತರಿಸಿಕೊಳ್ಳುವುದು ಹೇಗೆ?

ಮೊದಲು ಡೇರಿ, ಸ್ತ್ರೀಶಕ್ತಿ ಸಂಘ, ಯುವಕ ಸಂಘ ಇವುಗಳಲ್ಲಿ ಯಾವುದಾದರೂ ಒಂದರ ಹೆಸರಲ್ಲಿ ಪತ್ರ ಬರೆಯಿರಿ. ಒಂಟಿ ಹೆಸರಿಗಿಂತ ಸಂಘದ ಸೀಲಿಗೆ ಬೆಲೆ ಹೆಚ್ಚು. ಪತ್ರದಲ್ಲಿ ಊರು, ಜನಸಂಖ್ಯೆ, ಎಷ್ಟು ಜನ ಕಲಿಯಲು ಸಿದ್ಧ, ಯಾವ ಎರಡು ಮೂರು ಭಾನುವಾರ ಅನುಕೂಲ, ಜಾಗ ಎಲ್ಲಿ ಎಂದು ಸ್ಪಷ್ಟವಾಗಿರಲಿ. ನಾಟಿ, ಕಟಾವಿನ ದಿನ ಇಟ್ಟುಕೊಂಡರೆ ಯಾರೂ ಬರುವುದಿಲ್ಲ.

ಜನರನ್ನು ಆರಿಸಿ ಕರೆಯಿರಿ. ಅಪಘಾತದ ಜಾಗದಲ್ಲಿ ಮೊದಲು ಇರುವವರು ಯಾರು? ಲೈನ್‌ಮನ್, ನೀರುಗಂಟಿ, ಆಟೋ, ಟ್ರ್ಯಾಕ್ಟರಿನವರು, ತೆಂಗಿನಕಾಯಿ ಕೀಳುವವರು, ಈಜುವ ಹುಡುಗರು. ಹಗಲೆಲ್ಲ ಮನೆಯಲ್ಲಿರುವ ಹೆಣ್ಣುಮಕ್ಕಳು ಖಂಡಿತ ಇರಲಿ. ಹಿರಿಯರು ಕುಸಿದಾಗ ಪಕ್ಕದಲ್ಲಿರುವುದು ಅವರೇ.

ಎಂಟು ಜನಕ್ಕೊಂದು ಬೊಂಬೆಯಾದರೂ ಬೇಕು. ಮೂರು ಗಂಟೆ ಸಾಕು. ನಮಗಾದ ಖರ್ಚು ಊಟ, ಮಜ್ಜಿಗೆ ಮತ್ತು ಬಂದವರ ಕಾರಿನ ಪೆಟ್ರೋಲು.

ಕೊನೆಯದಾಗಿ, ಕಲಿತದ್ದು ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಆರು ತಿಂಗಳಿಗೊಮ್ಮೆ ಕೈ ಆಡಿಸಬೇಕು. ಬೊಂಬೆ ಇಲ್ಲದಿದ್ದರೆ ಹುಲ್ಲು ಬಿಗಿದು ತುಂಬಿದ ಗೋಣಿಚೀಲದ ಮೇಲೆ ಎಣಿಸಿ ಒತ್ತಿ. ಆಳ ತಿಳಿಯದು, ಆದರೆ ಲಯ ಉಳಿಯುತ್ತದೆ. ಬದುಕಿರುವ ಮನುಷ್ಯನ ಮೇಲೆ ಮಾತ್ರ ಎಂದೂ ಅಭ್ಯಾಸ ಮಾಡಬೇಡಿ.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕಲಿತ ಮೇಲೆ ನಾವು ಇನ್ನೂ ಯಾರ ಜೀವವನ್ನೂ ಉಳಿಸಿಲ್ಲ. ಅಂಥ ಸಂದರ್ಭ ಬಂದಿಲ್ಲ, ಬಾರದಿರಲಿ. ಬಂದರೂ ಒತ್ತಿದವರೆಲ್ಲ ಬದುಕುತ್ತಾರೆ ಎಂದಿಲ್ಲ. ಆದರೆ ಈಗ ನಮ್ಮ ಬಯಲಿನಲ್ಲಿ ಯಾರಾದರೂ ಬಿದ್ದರೆ ಈರುಳ್ಳಿ ತರಲು ಓಡುವುದಿಲ್ಲ. ಅಷ್ಟು ಬದಲಾಗಿದೆ. ನನ್ನ ಸ್ಟಾರ್ಟರ್ ಡಬ್ಬಿಯ ಮೇಲೆ 108, 1912 ಎಂದು ಬಣ್ಣದಲ್ಲಿ ಬರೆಸಿದ್ದೇನೆ. ಡಬ್ಬಿಗೆ ಅರ್ಥಿಂಗ್ ಕೂಡ ಸರಿಮಾಡಿಸಿದೆ. ಒತ್ತುವ ಪ್ರಮೇಯವೇ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲ ಪಾಠ.

ಪಾಠದ ದಿನ ಆ ಹುಡುಗನ ತಾಯಿಯೂ ಬಂದಿದ್ದರು. ಕರೆಯಲು ನನಗೆ ಧೈರ್ಯ ಬಂದಿರಲಿಲ್ಲ, ತಾವಾಗಿಯೇ ಬಂದು ಹಿಂದೆ ಗೋಡೆಗೆ ಒರಗಿ ಕೂತಿದ್ದರು. ಎಲ್ಲರದೂ ಮುಗಿದ ಮೇಲೆ ಎದ್ದು ಬಂದು ಸೆರಗು ಸಿಕ್ಕಿಸಿಕೊಂಡು ಬೊಂಬೆಯ ಪಕ್ಕ ಮಂಡಿಯೂರಿದರು. ಎರಡು ನಿಮಿಷ ನಿಲ್ಲಿಸದೆ ಒತ್ತಿದರು. ಪ್ರತಿ ಒತ್ತಿಗೂ ಟಿಕ್ ಎಂದಿತು. ಎದ್ದು ನನ್ನ ಕಡೆ ತಿರುಗಿ, 'ಮುಂದಿನ ಸಲ ಯಾವಾಗ ಭಾವ, ನಮ್ಮ ಬೀದಿಯೋರ್‍ನೂ ಕರ್‍ಕೊಂಡ್ ಬತ್ತೀನಿ' ಎಂದರು.

ಮುಂದಿನ ಸಲ ಆಗಸ್ಟಿನಲ್ಲಿ, ನಾಟಿ ಮುಗಿದ ಮೇಲೆ ನಡೆಯಿತು. ಇಪ್ಪತ್ತಾರು ಹೊಸಬರು ಬಂದರು. ನಿಮ್ಮ ಊರಿನಲ್ಲಿ ಯಾವಾಗ? ಮಾಡಿದರೆ ಹೇಗೆ ಮಾಡಿದಿರಿ, ಏನು ತೊಡಕು ಬಂತು ಎಂದು ಪತ್ರಿಕೆಗೆ ಬರೆಯಿರಿ. ಓದಿ ಇನ್ನೊಂದು ಊರಿನವರು ಕಲಿಯಲಿ.